ಟಬಾಸ್ಕೊ ಬಾಟಲಿ, ಹಾಸನದ ಅಡುಗೆಮನೆ: ಬಹಳ ವರ್ಷ ಬಳಸಿದ ಮೇಲೆ

ಖಾರ ಬೇಕು ಅಂತ ಟಬಾಸ್ಕೊ ಅನ್ನುವ ಮೆಣಸಿನ ಸಾಸ್ ಕೊಂಡರೆ ನಮ್ಮ ಕಡೆಯವರಿಗೆ ನಿರಾಸೆಯೇ ಗತಿ. ಡಬ್ಬಿಯಲ್ಲಿ ಗುಂಟೂರು ಮೆಣಸಿನಕಾಯಿ ಇದೆ, ಸಕಲೇಶಪುರದ ಕಡೆಯಿಂದ ಬಂದ ಕಾಳುಮೆಣಸಿದೆ, ಹಿತ್ತಲಲ್ಲಿ ಸೂಜಿಮೆಣಸಿನ ಗಿಡವಿದೆ. ಹಾಸನದವರಿಗೆ ಖಾರಕ್ಕೇನು ಬರ? ಈ ಬಾಟಲಿ ನಮ್ಮ ಮನೆಯಲ್ಲಿ ಇಷ್ಟು ವರ್ಷ ಉಳಿದಿರುವುದು ಹುಳಿಗಾಗಿ. ನಿಂಬೆಹಣ್ಣು ಹಿಂಡುವ ಜಾಗದಲ್ಲಿ ಇದನ್ನು ಹಾಕಿ ನೋಡಿ.

ಲೇಬಲ್ ಓದಿದರೇ ಗೊತ್ತಾಗುತ್ತದೆ. ವಿನೆಗರ್, ಕೆಂಪು ಮೆಣಸು, ಉಪ್ಪು. ಮುಗೀತು. ಅಮೆರಿಕದ ಲೂಯಿಸಿಯಾನದ ಎವರಿ ಐಲೆಂಡ್‌ನಲ್ಲಿ 1868ರಿಂದ ಮಾಡುತ್ತಿದ್ದಾರೆ. ಕೆಂಪಗೆ ಹಣ್ಣಾದ ಮೆಣಸನ್ನು ಉಪ್ಪಿನ ಜೊತೆ ಅರೆದು, ಓಕ್ ಮರದ ಪೀಪಾಯಿಗಳಲ್ಲಿ ಮೂರು ವರ್ಷದವರೆಗೂ ಹುಳಿಯಲು ಬಿಡುತ್ತಾರೆ. ಆಮೇಲೆ ವಿನೆಗರ್ ಬೆರೆಸಿ ಸೋಸುತ್ತಾರೆ. ಆ ಮೆಣಸು ಕ್ಯಾಪ್ಸಿಕಂ ಫ್ರೂಟೆಸೆನ್ಸ್ ಅನ್ನುವ ಜಾತಿಯದು. ಕಾಫಿ ತೋಟದಲ್ಲಿ ಹಕ್ಕಿ ಹಾಕಿದ ಬೀಜದಿಂದ ತಾನಾಗೇ ಹುಟ್ಟುವ ನಮ್ಮ ಸೂಜಿಮೆಣಸೂ ಅದೇ ಜಾತಿ. ಆದರೆ ಮೆಣಸಿನ ಖಾರ ಅಳೆಯುವ ಸ್ಕೋವಿಲ್ ಅಳತೆಯಲ್ಲಿ ಈ ಸಾಸ್ 2,500ರಿಂದ 5,000 ಅಷ್ಟೇ, ಸೂಜಿಮೆಣಸು ಆರಾಮವಾಗಿ 50,000 ಮುಟ್ಟುತ್ತದೆ. ಅದರ ಮುಂದೆ ಈ ಸಾಸ್ ಬೀಗರ ಮನೆಯವರಷ್ಟು ಮೆತ್ತಗೆ.

ಇದು ಅತಿ ಚೆನ್ನಾಗಿ ಕೂರುವುದು ಆಲೂಗಡ್ಡೆಯ ಮೇಲೆ. ಮುಂಗಾರಿಗೆ ಬಿತ್ತಿದ ಹಾಸನದ ಆಲೂಗಡ್ಡೆ ಆಗಸ್ಟ್ ಹೊತ್ತಿಗೆ ಕಟ್ಟಿನಕೆರೆ ಮಾರುಕಟ್ಟೆಗೆ ಬರುತ್ತದಲ್ಲ, ಸಿಪ್ಪೆ ಉಗುರಿನಲ್ಲೇ ಬಿಡುವಂಥದ್ದು, ಅದನ್ನು ಬೇಯಿಸಿ ಕೈಯಲ್ಲೇ ಒಡೆಯಿರಿ. ಬಿಸಿ ಇರುವಾಗಲೇ ತುಪ್ಪ, ಉಪ್ಪು, ಏಳೆಂಟು ಹನಿ ಸಾಸ್. ಈರುಳ್ಳಿ ಕೂಡ ಬೇಡ. ದೋಸೆಯ ಪಲ್ಯಕ್ಕಾದರೆ ಒಲೆ ಆರಿಸಿದ ಮೇಲೆ ಹಾಕಿ. ಕಾದ ಬಾಣಲೆಗೆ ಸುರಿದರೆ ಘಾಟಿಗೆ ಮನೆಮಂದಿಯೆಲ್ಲ ಕೆಮ್ಮುತ್ತಾರೆ, ವಿನೆಗರ್ ಪರಿಮಳವೂ ಹಾರಿಹೋಗುತ್ತದೆ.

ಎರಡನೇ ಸ್ಥಾನ ಅಕ್ಕಿ ರೊಟ್ಟಿಗೆ. ಸಾಸನ್ನು ನೇರವಾಗಿ ರೊಟ್ಟಿಗೆ ಹಾಕಬೇಡಿ, ಒಂದೇ ಕಡೆ ಹೀರಿಕೊಂಡು ಅಲ್ಲಿ ಮಾತ್ರ ಚುರ್ ಅನ್ನುತ್ತದೆ. ಮನೆಬೆಣ್ಣೆಗೆ ಕಲಸಿ ಸವರಿ. ಖಾರದ ಅಂಶವಾದ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ ಅನ್ನಬಹುದು, ಜಿಡ್ಡಿನಲ್ಲಿ ಚೆನ್ನಾಗಿ ಕರಗುತ್ತದೆ. ಹಾಗಾಗಿ ಖಾರ ಇಡೀ ರೊಟ್ಟಿಗೆ ಹರಡುತ್ತದೆ. ಈ ಬೆಣ್ಣೆ ಕಡುಬಿಗೂ ಆಗುತ್ತದೆ. ನನ್ನ ಮಟ್ಟಿಗೆ ಎಳ್ಳು ಚಟ್ನಿಪುಡಿಗಿಂತ ಒಂದು ಕೈ ಮೇಲೆ, ಅಮ್ಮ ಒಪ್ಪುವುದಿಲ್ಲ.

ಅವರೆಕಾಳಿನ ಕಾಲದಲ್ಲಿ ಉಸ್ಲಿಗೆ ತೆಂಗಿನತುರಿ ಉದುರಿಸಿ ಕೊನೆಯಲ್ಲಿ ನಾಲ್ಕು ಹನಿ. ಆಮ್ಲೆಟ್‌ಗೆ ಮೊಟ್ಟೆ ಕಲಕುವಾಗಲೇ ಹಾಕಬಹುದು. ಸೀಬೆಕಾಯಿ, ಅನಾನಸ್‌ಗೆ ಉಪ್ಪಿನ ಜೊತೆ. ಗೊರೂರು ಡ್ಯಾಮಿನ ಮೀನು ಸಿಕ್ಕಿದ ದಿನ ಮಸಾಲೆಗೆ ನಿಂಬೆರಸದ ಬದಲು ಒಂದು ಚಮಚ. ಚುರುಮುರಿಗೆ ಮಾತ್ರ ಉಪಾಯ ಬೇಕು. ಮಂಡಕ್ಕಿಗೆ ಮೊದಲು ಕೊಬ್ಬರಿ ಎಣ್ಣೆ ಸವರಿ, ಸಾಸನ್ನು ಈರುಳ್ಳಿ, ಟೊಮೆಟೊಗೆ ಬೆರೆಸಿ, ತಿನ್ನುವ ಹೊತ್ತಿಗೆ ಎರಡನ್ನೂ ಸೇರಿಸಿ. ಇಲ್ಲದಿದ್ದರೆ ಮಂಡಕ್ಕಿ ಮೆತ್ತಗಾಗುತ್ತದೆ.

ಎಲ್ಲಿ ಸೋಲುತ್ತದೆ ಅಂದರೆ ಉಪ್ಸಾರಿನಲ್ಲಿ. ಸೊಪ್ಪು, ಕಾಳು ಬೇಯಿಸಿದ ನೀರಿಗೆ ಬೆಳ್ಳುಳ್ಳಿ, ಜೀರಿಗೆ, ಹುಣಸೆಹಣ್ಣು ಹಾಕಿ ಅರೆದ ಖಾರವೇ ಸರಿ. ಅದರ ಜಾಗದಲ್ಲಿ ಈ ಸಾಸ್ ಹಾಕಿದರೆ ಬಿಸಿ ನೀರಿನಿಂದ ಬರೀ ವಿನೆಗರ್ ವಾಸನೆ ಏಳುತ್ತದೆ, ಮುದ್ದೆ ಮುಂದೆ ಅದನ್ನು ಇಡಬಾರದು. ಮೊಸರನ್ನಕ್ಕೂ ದಂಡ. ಅಲ್ಲಿ ಹುಳಿ ಮೊದಲೇ ಇದೆ, ಇರುವ ಅಷ್ಟಿಷ್ಟು ಖಾರವನ್ನೂ ಮೊಸರು ನುಂಗಿಬಿಡುತ್ತದೆ.

ನಡುವೆ ಅಗ್ಗ ಅಂತ ಇನ್ನೊಂದು ಕಂಪನಿಯ ಹಾಟ್ ಸಾಸ್ ತಂದಿದ್ದೆವು. ಹೆಸರು ಬೇಡ. ಗಟ್ಟಿಗೆ, ಸಿಹಿಯಾಗಿ, ಬೆಳ್ಳುಳ್ಳಿ ಘಮಘಮ. ಪದಾರ್ಥಗಳ ಪಟ್ಟಿ ತೂಕ ಜಾಸ್ತಿ ಇರುವುದರಿಂದ ಶುರುವಾಗಬೇಕು ಅನ್ನುವುದು ನಿಯಮ. ಅದರಲ್ಲಿ ನೀರು, ಸಕ್ಕರೆ ಆದ ಮೇಲೆ ಮೆಣಸು ಬಂದಿತ್ತು. ಸಮೋಸಕ್ಕೆ ಸರಿ, ಆಲೂಗಡ್ಡೆಗೆ ಅಲ್ಲ. ಯಾವ ಬಾಟಲಿಯನ್ನೇ ಕೊಳ್ಳಿ, ಮೊದಲ ಮೂರು ಹೆಸರು ಓದಿ ಕೊಳ್ಳಿ.

60 ಮಿಲಿ ಬಾಟಲಿ ಕೈಗೆ ತೀರಾ ಚಿಕ್ಕದು, ಬೆಲೆ ನೋಡಿದರೆ ಇನ್ನೂ ಚಿಕ್ಕದು ಅನ್ನಿಸುತ್ತದೆ. ಆದರೆ ಬಾಯಿ ಕಿರಿದು, ಹನಿಹನಿಯಾಗೇ ಬೀಳುತ್ತದೆ. ಶುರುವಿನಲ್ಲಿ ಇದನ್ನು ತುಂಬಿಸುತ್ತಿದ್ದುದು ಸೆಂಟಿನ ಸಣ್ಣ ಶೀಸೆಗಳಲ್ಲಿ, ಆಕಾರ ಈಗಲೂ ಹಾಗೇ ಇದೆ. ಫ್ರಿಜ್ ಬೇಡ. ದಿನ ಕಳೆದಂತೆ ಬಣ್ಣ ಕಂದಾದರೆ ಹೆದರಬೇಡಿ, ರುಚಿ ಕೆಟ್ಟಿರುವುದಿಲ್ಲ.

ನಿಂಬೆಹಣ್ಣು ಅಗ್ಗವಿರುವ ತಿಂಗಳುಗಳಲ್ಲಿ ನಮ್ಮ ಬಾಟಲಿ ಸುಮ್ನೆ ಶೆಲ್ಫಿನಲ್ಲಿ ಕೂತಿರುತ್ತದೆ. ಬೇಸಿಗೆಯಲ್ಲಿ ನಿಂಬೆ ರೇಟು ಏರಿದಾಗ ಇದಕ್ಕೆ ಕೆಲಸ. ವಿನೆಗರ್ ವಾಸನೆಯೇ ಆಗದವರು ಕೊಳ್ಳಬೇಡಿ. ಉಳಿದವರು, ತೋಟದವರ ಪರಿಚಯ ಇದ್ದರೆ ಒಂದು ಬೊಗಸೆ ಹಣ್ಣು ಸೂಜಿಮೆಣಸು ಕೇಳಿ ತಂದು ಅರೆದು, ಉಪ್ಪು, ವಿನೆಗರ್‌ನಲ್ಲಿ ಗಾಜಿನ ಶೀಸೆಗೆ ಹಾಕಿಡಿ. ಅರೆಯುವಾಗ ಕೈಗೆ ಗ್ಲೌಸ್ ಇರಲಿ.