ಬ್ರೇಕಪ್ ಆದ್ಮೇಲೆ ತಗೊಂಡ ಆನ್‌ಲೈನ್ ಕೌನ್ಸೆಲಿಂಗ್ ಬಗ್ಗೆ

ನಾಲ್ಕು ವರ್ಷದ ಸಂಬಂಧ ಮುರಿದ್ಮೇಲೆ ಬೆಳಿಗ್ಗೆ ಎದ್ದ ತಕ್ಷಣ ಕೈ ತಾನಾಗೇ ಫೋನ್ ಹುಡುಕೋದು, ಮೆಸೇಜ್ ಇರಲ್ಲ ಅಂತ ಗೊತ್ತಿದ್ರೂ ನೋಡೋದು, ಆಮೇಲೆ ದಿನವಿಡೀ ಎದೆ ಭಾರ. ಎರಡು ತಿಂಗಳು ಹಿಂಗೇ ಕಳೆದು ಕೊನೆಗೆ ಕೌನ್ಸೆಲಿಂಗ್ ತಗೊಂಡೆ, ಆರು ಸೆಷನ್ ಆಯ್ತು.

ಮೊದಲು ಸಿಕ್ಕವರು ಸರಿಹೋಗ್ಲಿಲ್ಲ, ನಾನು ಅಳ್ತಿದ್ರೆ ಅವ್ರು ಏನೋ ಟೈಪ್ ಮಾಡ್ತಾ ಇದ್ರು, ತುಂಬಾ ನೋವಾಯ್ತು. ಬದಲಾಯಿಸಿ ಅಂತ ಕೇಳಿದ್ಮೇಲೆ ಬಂದ ಮೇಡಂ ನಿಜವಾಗ್ಲೂ ಕೇಳಿಸ್ಕೊಂಡ್ರು. ಖುಷಿ ಬರ್ಲಿ ಆಮೇಲೆ ಮಾಡ್ತೀನಿ ಅಂತ ಕಾಯ್ಬೇಡಿ, ಚಿಕ್ಕದೇನಾದ್ರೂ ಮೊದಲು ಮಾಡಿ, ಮನಸ್ಸು ಹಿಂದಿಂದ ಬರತ್ತೆ ಅಂದ್ರು, ಇದಕ್ಕೆ ಬಿಹೇವಿಯರಲ್ ಆಕ್ಟಿವೇಶನ್ ಅಂತಾರೆ. ಇನ್ನೊಂದು, ದಿನಾ 15 ನಿಮಿಷದಂಗೆ 4 ದಿನ ಮನಸ್ಸಲ್ಲಿರೋದನ್ನೆಲ್ಲ ಬರೆಯೋದು, ಜೇಮ್ಸ್ ಪೆನ್ನೆಬೇಕರ್ ಅನ್ನೋ ಮನಶ್ಶಾಸ್ತ್ರಜ್ಞರು 1986ರಲ್ಲಿ ಪ್ರಕಟಿಸಿದ ಪ್ರಯೋಗದಿಂದ ಬಂದಿದ್ದು. ಮೊದಲ ದಿನ ಇನ್ನೂ ಜಾಸ್ತಿ ಅತ್ಬಿಟ್ಟೆ, ಹಂಗಾಗೋದು ಸಹಜ ಅಂತ ಅವ್ರು ಮುಂಚೆನೇ ಹೇಳಿದ್ರು. ನಾಲ್ಕನೇ ದಿನ ಬರೆದಿದ್ದನ್ನ ಓದಿದ್ರೆ ಪ್ರತಿ ಸಾಲಲ್ಲೂ ಇರ್ತಿದ್ದ "ನಾವು" ಹೋಗಿ "ನಾನು" ಬಂದಿತ್ತು, ಸುಮಾರು ಹೊತ್ತು ಆ ಹಾಳೇನೇ ನೋಡ್ತಾ ಕೂತಿದ್ದೆ.

ವಿಡಿಯೋ ಆಗಾಗ ಕಟ್ ಆಗತ್ತೆ, ಅದಕ್ಕೆ ಒಂದು ಸ್ಟಾರ್ ಕಮ್ಮಿ. ಪೂರ್ತಿ ಖುಷಿಯಾಗಿದೀನಿ ಅಂತಲ್ಲ, ಆದ್ರೆ ನಿನ್ನೆ ಎದ್ದು ಫೋನ್ ನೋಡದೇ ಹಲ್ಲುಜ್ಜಿದೆ.