ಹೆರಿಗೆ ಆಸ್ಪತ್ರೆ ರಿವ್ಯೂ: ಐದಕ್ಕೆ ನಾಲ್ಕು, ಒಂದು ಕಟ್ ಆಗಿದ್ದು ಗೋಡೆ ಮೇಲಿನ ನೋಟಿಸ್‌ಗೆ

ಹೆರಿಗೆ ಆಯ್ತು ಅಂದ ತಕ್ಷಣ ಎಲ್ಲರೂ ಕೇಳುವುದು ಎರಡೇ. ನಾರ್ಮಲ್ಲಾ ಸಿಸೇರಿಯನ್ನಾ, ಬಿಲ್ ಎಷ್ಟಾಯ್ತು. ನಾನು ಬರೆಯುತ್ತಿರುವುದು ಯಾರೂ ಕೇಳದ ಇನ್ನೊಂದು ವಿಷಯ: ಮೂಗಿಗೆ ಕೋವಿಡ್ ಕಡ್ಡಿ ಹಾಕಿದ ಮೇಲೆ, ರಿಪೋರ್ಟ್ ಬರುವವರೆಗೆ ಮತ್ತು ಬಂದ ಮೇಲೆ, ಆಸ್ಪತ್ರೆಯವರು ಹೇಗೆ ನಡೆದುಕೊಂಡರು ಅನ್ನುವುದು. "ಈಗೆಲ್ಲಿದೆ ಕಣೇ ಕೊರೋನಾ" ಅಂತ ನಮ್ಮಕ್ಕ ನಕ್ಕಳು. ನಗಲಿ ಬಿಡಿ. ಅವಳ ಎರಡೂ ಹೆರಿಗೆ 2019ರೊಳಗೇ ಮುಗಿದಿದ್ದವು.

ಆಸ್ಪತ್ರೆ ಹೆಸರು ಹಾಕುವುದಿಲ್ಲ, ಈ ಸಲದ್ದೂ ಇಲ್ಲ, ಹಿಂದಿನದ್ದೂ ಇಲ್ಲ. ಈಗಿನದು ಬೆಂಗಳೂರಿನ ವಿಜಯನಗರ ಕಡೆಯ ಒಂದು ಮೀಡಿಯಂ ಸೈಜಿನ ಖಾಸಗಿ ಆಸ್ಪತ್ರೆ. 2025ರ ಜೂನ್‌ನಲ್ಲಿ ಅಲ್ಲಿ ನನ್ನ ಎರಡನೇ ಹೆರಿಗೆ ಆಯಿತು. ಅದಕ್ಕೆ ನಾಲ್ಕು ಸ್ಟಾರ್ ಯಾಕೆ ಕೊಟ್ಟೆ ಅಂತ ಹೇಳಬೇಕಾದರೆ ಮೊದಲನೇ ಹೆರಿಗೆಯ ಕಥೆ ಹೇಳಲೇಬೇಕು.

ಅದು 2021ರ ಮೇ. ಬೆಂಗಳೂರಲ್ಲಿ ಆ ತಿಂಗಳು ಹೇಗಿತ್ತು ಅಂತ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ. ಲಾಕ್‌ಡೌನ್ ಬಿಗಿ ಮಾಡಿ ನಾಲ್ಕೈದು ದಿನ ಆಗಿತ್ತು. ರಾತ್ರಿ ಎರಡು ಗಂಟೆಗೆ ನೋವು ಶುರುವಾಯಿತು. ಒಂಬತ್ತು ತಿಂಗಳೂ ತೋರಿಸಿದ್ದ ಆಸ್ಪತ್ರೆಗೇ ಹೋದೆವು. ನನ್ನ ಫೈಲು, ಸ್ಕ್ಯಾನಿಂಗ್ ಎಲ್ಲ ಅಲ್ಲೇ ಇತ್ತು. ಜ್ವರ ಇಲ್ಲ, ಕೆಮ್ಮು ಇಲ್ಲ. ಆದರೂ ಟೆಸ್ಟ್ ಆಗದೆ ಲೇಬರ್ ರೂಮಿನೊಳಗೆ ಬಿಡುವುದಿಲ್ಲ ಅಂದರು. ಮೆಡಿಕಲ್ ಶಾಪ್ ಪಕ್ಕದ ಒಂದು ಸಣ್ಣ ಕೋಣೆ, ಒಂದು ಪ್ಲಾಸ್ಟಿಕ್ ಕುರ್ಚಿ. ಅದರಲ್ಲಿ ಕೂರಿಸಿದರು.

ರ್‍ಯಾಪಿಡ್ ಟೆಸ್ಟ್‌ಗೆ ಬಂದವನು ಇಪ್ಪತ್ತೆರಡು ಇಪ್ಪತ್ಮೂರರ ಹುಡುಗ. ಮೈತುಂಬ ಪಿಪಿಇ ಅನ್ನುವ ಪ್ಲಾಸ್ಟಿಕ್ ರಕ್ಷಣೆಯ ಉಡುಪು, ಕನ್ನಡಕದೊಳಗೆ ಆವಿ. "ತಲೆ ಅಲ್ಲಾಡಿಸ್ಬೇಡಿ ಮೇಡಂ" ಅಂತ ಕಡ್ಡಿ ಒಳಗೆ ಹಾಕಿದ. ಸರಿಯಾಗಿ ಅದೇ ಹೊತ್ತಿಗೆ ನೋವು ಬಂತು. ಏನು ಹಿಡಿದೆ ಅಂತ ಗೊತ್ತಿಲ್ಲ, ನೋವು ಇಳಿದ ಮೇಲೆ ನೋಡಿದರೆ ಅವನ ತೋಳಿನ ಪ್ಲಾಸ್ಟಿಕ್ ಹರಿದು ನನ್ನ ಕೈಯಲ್ಲಿತ್ತು. ಪಾಪ, ಬೈಯಲಿಲ್ಲ. "ಉಸಿರು ತಗೊಳ್ಳಿ, ಆಮೇಲೆ ಇನ್ನೊಂದು ಮೂಗು" ಅಂದ. ಇಡೀ ಆ ರಾತ್ರಿ ಆ ಆಸ್ಪತ್ರೆಯಲ್ಲಿ ನನ್ನ ಜೊತೆ ಮನುಷ್ಯರ ಹಾಗೆ ಮಾತಾಡಿದ್ದು ಅವನೊಬ್ಬನೇ.

ಅರ್ಧ ಗಂಟೆಯಲ್ಲಿ ಪಾಸಿಟಿವ್ ಅಂತ ಬಂತು. ಅಲ್ಲಿಂದ ಯಾರೂ ಕೋಣೆಯೊಳಗೆ ಬರಲಿಲ್ಲ. ಬಾಗಿಲು ಅರ್ಧ ತೆಗೆದು, ದೂರದಿಂದಲೇ, "ನಮ್ಮಲ್ಲಿ ಕೋವಿಡ್ ಲೇಬರ್ ರೂಮ್ ಇಲ್ಲ, ಬಿಯು ನಂಬರ್ ತಗೊಂಡು ಬೇರೆ ಕಡೆ ನೋಡ್ಕೊಳಿ" ಅಂದರು. ನನ್ನ ಗಂಡ ಪಾರ್ಕಿಂಗ್‌ನಲ್ಲಿ ನಿಂತು ಆಗಿನ ಬೆಡ್ ಸಹಾಯವಾಣಿ 1912ಕ್ಕೆ ಒತ್ತುತ್ತಲೇ ಇದ್ದ. ಬಿಯು ನಂಬರ್ ಅಂದರೇನು ಅಂತ ಮರೆತವರಿಗೆ: ಪಾಸಿಟಿವ್ ಆದವರಿಗೆ ಬೆಡ್ ಸಿಗಬೇಕಾದರೆ ಆಗ ಆ ನಂಬರ್ ಬೇಕಿತ್ತು. ಹೆರಿಗೆ ನೋವು ನಂಬರಿಗೆ ಕಾಯುತ್ತದಾ?

ಕೊನೆಗೆ ಬೆಳಗಿನ ಜಾವ ಕೋಟೆ ಹತ್ತಿರದ ಸರ್ಕಾರಿ ಆಸ್ಪತ್ರೆ ವಾಣಿವಿಲಾಸಕ್ಕೆ ಹೋದೆವು. ದಾರಿಯಲ್ಲಿ ಅತ್ತೆ ಫೋನಿನಲ್ಲಿ "ಹೆದರ್ಕೋಬೇಡ ಕಣಮ್ಮ, ಇವನನ್ನ ನಾನು ಹೆತ್ತಿದ್ದೂ ಅಲ್ಲೇ" ಅನ್ನುತ್ತಿದ್ದರು. ಏಳೂ ಮುಕ್ಕಾಲಿಗೆ ಮಗಳು ಹುಟ್ಟಿದಳು. ಪಾಸಿಟಿವ್ ತಾಯಂದಿರ ವಾರ್ಡು. ಸಿಸ್ಟರ್ ಒಬ್ಬರು ನನ್ನ ಮಾಸ್ಕಿನ ದಾರ ಬಿಗಿ ಮಾಡಿ, ಕೈ ಸೋಪಿನಲ್ಲಿ ತೊಳೆಸಿ, ಮಗುವನ್ನು ಎದೆಗೆ ಹಿಡಿಸಿದರು. ಹಾಲು ಕೊಡಬಹುದಾ ಅಂತ ನಾನು ಅಳುತ್ತಾ ಕೇಳಿದ್ದಕ್ಕೆ "ಕೊಡ್ದೆ ಇನ್ನೇನು, ಮಾಸ್ಕ್ ಹಾಕ್ಕೊಂಡು ಕೊಡಿ" ಅಂದರು. ಮೊದಲಿನ ಆಸ್ಪತ್ರೆಯಲ್ಲಿ ಪಾಸಿಟಿವ್ ಆದರೆ ಮಗುವನ್ನು ಬೇರೆ ಇಡುತ್ತೇವೆ ಅಂತ ಮೊದಲೇ ಹೆದರಿಸಿಟ್ಟಿದ್ದರು. ಮಾಸ್ಕ್ ಹಾಕಿ, ಕೈ ತೊಳೆದು, ಮಗುವನ್ನು ಜೊತೆಯಲ್ಲೇ ಇಟ್ಟುಕೊಂಡು ಹಾಲು ಕೊಡಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲೇ ಹೇಳಿತ್ತು. ನನಗದು ಗೊತ್ತಾಗಿದ್ದು ಮಗಳಿಗೆ ಆರು ತಿಂಗಳಾದಾಗ.

ಆ ಮೊದಲಿನ ಆಸ್ಪತ್ರೆಯ ಬಿಲ್ ಇನ್ನೂ ಬೀರುವಿನಲ್ಲಿದೆ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಮೂರು ಗಂಟೆ ಕೂತಿದ್ದಕ್ಕೆ ಪಿಪಿಇ ಕಿಟ್ ಆರು ಅಂತ ಹಾಕಿದ್ದಾರೆ. ನಾನು ನೋಡಿದ್ದು ಒಂದು. ಅದನ್ನೂ ನಾನೇ ಹರಿದೆ.

ಹಾಗಂತ ಟೆಸ್ಟ್ ಮಾಡಿದ್ದೇ ತಪ್ಪು ಅಂತ ನಾನು ಹೇಳುವುದಿಲ್ಲ. ಅಂಥ ಕಾಮೆಂಟ್ ಹಾಕುವವರು ದಯವಿಟ್ಟು ಇದನ್ನು ಓದಿ. 2020ರ ಮಾರ್ಚ್ 22ರಿಂದ ಏಪ್ರಿಲ್ 4ರವರೆಗೆ ನ್ಯೂಯಾರ್ಕಿನ ಎರಡು ಆಸ್ಪತ್ರೆಗೆ ಹೆರಿಗೆಗೆ ಬಂದವರು 215 ಹೆಂಗಸರು. ಲಕ್ಷಣ ಇದ್ದವರು ಬರೀ 4 ಜನ, ಅವರೆಲ್ಲ ಪಾಸಿಟಿವ್. ಏನೂ ಲಕ್ಷಣ ಇಲ್ಲದ 211 ಜನರಲ್ಲಿ 210 ಜನಕ್ಕೆ ಕಡ್ಡಿ ಹಾಕಿ ನೋಡಿದರೆ ಅದರಲ್ಲಿ 29 ಪಾಸಿಟಿವ್! ಜ್ವರ ನೋಡುವ ಗನ್ ಹಣೆಗೆ ಹಿಡಿದಿದ್ದರೆ ಅವರೆಲ್ಲ ಸಲೀಸಾಗಿ ಒಳಗೆ ಹೋಗಿರುತ್ತಿದ್ದರು. ಹೆರಿಗೆ ಅಂದರೆ ಗಂಟೆಗಟ್ಟಲೆ ಏದುಸಿರು, ಕಿರುಚಾಟ, ಪಕ್ಕದಲ್ಲೇ ನಿಂತ ಡಾಕ್ಟರು, ಸಿಸ್ಟರು, ಆಯಾ. ಅವರಿಗೂ ಮನೆಯಲ್ಲಿ ಮಕ್ಕಳಿರುತ್ತವೆ. ನಮ್ಮ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಕೂಡ 2020ರ ಸೆಪ್ಟೆಂಬರ್‌ನಲ್ಲಿ ಹೆರಿಗೆಗೆ ದಾಖಲಾಗುವ ಎಲ್ಲರಿಗೂ ಟೆಸ್ಟ್ ಮಾಡಿ ಅಂದಿತು. ಜೊತೆಗೇ, ಟೆಸ್ಟ್ ಆಗಿಲ್ಲ ಅನ್ನುವ ಕಾರಣಕ್ಕೆ ಹೆರಿಗೆಯನ್ನು ತಡ ಮಾಡಬೇಡಿ ಅಂತಲೂ ಹೇಳಿತ್ತು. ಆಸ್ಪತ್ರೆಗಳು ಮೊದಲನೇ ಸಾಲನ್ನು ಲ್ಯಾಮಿನೇಟ್ ಮಾಡಿಸಿ ಗೋಡೆಗೆ ಅಂಟಿಸಿದವು. ಎರಡನೇ ಸಾಲು ಯಾರ ಗೋಡೆಯಲ್ಲೂ ನಾನು ನೋಡಲಿಲ್ಲ. 2020ರ ಜುಲೈನಲ್ಲಿ ಇದೇ ಊರಲ್ಲಿ ಒಬ್ಬ ಹೆಣ್ಣುಮಗಳು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದು ಆಟೋದಲ್ಲೇ ಹೆತ್ತಳು, ಮಗು ಉಳಿಯಲಿಲ್ಲ. ಆ ಸುದ್ದಿ ಓದಿದ ಮೇಲೂ ನಾನು ಮುಂದಿನ ವರ್ಷ ಏನೂ ವಿಚಾರಿಸದೆ ಆಸ್ಪತ್ರೆ ಗೊತ್ತು ಮಾಡಿದೆನಲ್ಲ ಅಂತ ನನಗೆ ನನ್ನ ಮೇಲೇ ಸಿಟ್ಟಿದೆ.

ಅದಕ್ಕೇ ಈ ಸಲ ಐದನೇ ತಿಂಗಳಲ್ಲೇ ಡಾಕ್ಟರ ಎದುರು ಕೂತು ಕೇಳಿಬಿಟ್ಟೆ. ಯಾರಿಗೆ ಟೆಸ್ಟ್ ಮಾಡ್ತೀರಾ? ರಿಪೋರ್ಟ್ ಬರೋ ತನಕ ಎಲ್ಲಿ ಕೂರಿಸ್ತೀರಾ? ಪಾಸಿಟಿವ್ ಬಂದರೆ ಇಲ್ಲೇ ಹೆರಿಗೆ ಮಾಡ್ತೀರಾ, ಕಳಿಸ್ತೀರಾ? ಎರಡು ಕಡೆ "ಅದೆಲ್ಲ ಈಗ ಇಲ್ಲ ಮೇಡಂ" ಅಂತ ನಕ್ಕು ಕಳಿಸಿದರು. ಮೂರನೆಯ ಕಡೆ ಡಾಕ್ಟರು ಪೆನ್ ಕೆಳಗಿಟ್ಟು ಉತ್ತರ ಕೊಟ್ಟರು. ಲಕ್ಷಣ ಇಲ್ಲದವರಿಗೆ ಮಾಡುವುದಿಲ್ಲ, 2022ರ ಜನವರಿಯಲ್ಲೇ ಐಸಿಎಂಆರ್ ಬೇಡ ಅಂದಿದೆ. ಜ್ವರ, ಕೆಮ್ಮು ಇದ್ದರೆ ಮಾಡುತ್ತೇವೆ. ಕೊನೆಯ ರೂಮು ಅದಕ್ಕೇ ಇಟ್ಟಿದ್ದೇವೆ. ಪಾಸಿಟಿವ್ ಬಂದರೂ ಅಲ್ಲೇ ಹೆರಿಗೆ. ಅವತ್ತೇ ಅಡ್ವಾನ್ಸ್ ಕಟ್ಟಿದೆ.

ಆಮೇಲೆ ನೋಡಿ ತಮಾಷೆ. ಮೇ ಕೊನೆಗೆ ಊರಲ್ಲಿ ಮತ್ತೆ ಕೇಸ್ ಜಾಸ್ತಿಯಾದವು, ಟಿವಿಯವರಿಗೆ ಕೆಲಸ ಸಿಕ್ಕಿತು. ಜೂನ್ ಎರಡನೇ ವಾರ ನನಗೆ ಮಗಳ ಸ್ಕೂಲಿನಿಂದ ಬಂದ ಶೀತ, ಸಣ್ಣಗೆ ಕೆಮ್ಮು. ಮಧ್ಯಾಹ್ನ ಹನ್ನೊಂದೂವರೆಗೆ ನೋವು ಅಂತ ಹೋದರೆ ರಿಸೆಪ್ಷನ್ ಹುಡುಗಿ ಗೋಡೆ ಕಡೆ ಕೈ ತೋರಿಸಿದಳು. "ಅಡ್ಮಿಷನ್‌ಗೆ 72 ಗಂಟೆಯೊಳಗಿನ ಆರ್‌ಟಿಪಿಸಿಆರ್ ನೆಗೆಟಿವ್ ರಿಪೋರ್ಟ್ ಕಡ್ಡಾಯ." ಲ್ಯಾಮಿನೇಷನ್ ಮಾಡಿದ ನೋಟಿಸ್, ಒಂದು ಮೂಲೆ ಹಳದಿಯಾಗಿತ್ತು. ಕೆಳಗೆ 2021 ಅಂತ ಇಸವಿ. ಐದು ತಿಂಗಳಿಂದ ಅದರ ಪಕ್ಕದಲ್ಲೇ ಕೂತು ಟೋಕನ್‌ಗೆ ಕಾದಿದ್ದೇನೆ, ಒಂದು ದಿನವೂ ಕಣ್ಣಿಗೆ ಬಿದ್ದಿರಲಿಲ್ಲ. ನನ್ನ ಕೈಕಾಲು ತಣ್ಣಗಾಯಿತು. ಗಂಡ ಜಗಳಕ್ಕೆ ನಿಂತ. ಹತ್ತು ನಿಮಿಷ ಆದಮೇಲೆ ಡ್ಯೂಟಿ ಡಾಕ್ಟರು ಇಳಿದು ಬಂದು "ಅದು ಹಳೇದು, ಒಳಗೆ ಕರ್ಕೊಂಡು ಬನ್ನಿ" ಅಂದರು. ಆ ಹತ್ತು ನಿಮಿಷಕ್ಕೇ ನಾನು ಒಂದು ಸ್ಟಾರ್ ಕತ್ತರಿಸಿದ್ದು. ಡಾಕ್ಟರಿಗೆ ಗೊತ್ತಿದ್ದು ಕೌಂಟರಿನವರಿಗೆ ಗೊತ್ತಿಲ್ಲದಿದ್ದರೆ ಏನು ಬಂತು? ರಾತ್ರಿ ಹೊತ್ತು ಬರುವವರಿಗೆ ಮೊದಲು ಸಿಗುವುದು ಕೌಂಟರಿನವರೇ ತಾನೇ.

ಒಳಗೆ ಹೋದ ಮೇಲೆ ಮಾತ್ರ ಹೇಳಿದ್ದಂತೆಯೇ ನಡೆದುಕೊಂಡರು. ಕೆಮ್ಮು ಇದ್ದಿದ್ದಕ್ಕೆ ಕಡ್ಡಿ ಹಾಕಿದರು, ಯಾಕೆ ಅಂತ ಮೊದಲು ಹೇಳಿದರು, ಎಷ್ಟಾಗುತ್ತೆ ಅಂತ ಚೀಟಿಯಲ್ಲಿ ಬರೆದುಕೊಟ್ಟರು. ನೋವು ಬಂದಾಗ ಕಾದು, ಇಳಿದ ಮೇಲೆ ಹಾಕಿದರು. ಕೊನೆಯ ರೂಮಿಗೆ ಕಳಿಸಿದರು. ಅಲ್ಲಿ ಮಂಚ ಇತ್ತು, ಬಾತ್‌ರೂಮ್ ಇತ್ತು, ಕಿಟಕಿ ತೆರೆದಿತ್ತು. ಅಮ್ಮ ಮಾಸ್ಕ್ ಹಾಕಿಕೊಂಡು ಜೊತೆಗೇ ಇದ್ದರು. ಸಿಸ್ಟರ್ ಅರ್ಧ ಗಂಟೆಗೊಮ್ಮೆ ಬಂದು ಮಗುವಿನ ಹೃದಯ ಬಡಿತ ಕೇಳಿ ಹೋಗುತ್ತಿದ್ದರು, ಬರೀ ಮಾಸ್ಕು, ಗ್ಲೌಸು ಹಾಕಿಕೊಂಡು, ಬಾಗಿಲಲ್ಲಿ ನಿಂತು ಅಲ್ಲ. ರಿಪೋರ್ಟ್ ಬಂದಿದ್ದು ಸಂಜೆ ಆರೂವರೆಗೆ, ನೆಗೆಟಿವ್. ಅಷ್ಟರಲ್ಲಿ ಮಗ ಹುಟ್ಟಿ ಒಂದು ಗಂಟೆ ಆಗಿತ್ತು. ಅಂದರೆ ರಿಪೋರ್ಟ್ ಏನೇ ಇರಲಿ, ಯಾವುದೂ ಅದಕ್ಕಾಗಿ ನಿಲ್ಲಲಿಲ್ಲ. ನನಗೆ 2021ರಲ್ಲಿ ಬೇಕಿದ್ದಿದ್ದು ಇಷ್ಟೇ.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಕ್ಯಾಂಟೀನ್ ಉಪ್ಪಿಟ್ಟು ತಿನ್ನಬೇಡಿ, ಎದುರಿಗೇ ದರ್ಶಿನಿ ಇದೆ. ಕಾರ್ ಪಾರ್ಕಿಂಗ್ ಇಲ್ಲವೇ ಇಲ್ಲ. ಜೊತೆಗಿರುವವರ ಮಂಚ ಅಮ್ಮನ ಸೊಂಟಕ್ಕೆ ಆಗಲಿಲ್ಲ, ಮನೆಯಿಂದ ದಪ್ಪ ಜಮಖಾನೆ ತಂದುಕೊಟ್ಟೆವು. ಬಿಲ್‌ನಲ್ಲಿ ಟೆಸ್ಟ್‌ಗೆ ಚೀಟಿಯಲ್ಲಿ ಬರೆದಷ್ಟೇ ಇತ್ತು, ಪಿಪಿಇ ಅಂತ ಒಂದು ರೂಪಾಯಿಯೂ ಇರಲಿಲ್ಲ. ನನ್ನ ಗಂಡ ಆ ಬಿಲ್ಲನ್ನು ಎರಡು ಸಲ ಓದಿದ.

ಡಿಸ್ಚಾರ್ಜ್ ದಿನ ಫೀಡ್‌ಬ್ಯಾಕ್ ಹಾಳೆ ಕೊಟ್ಟರು. ಊಟ, ಸ್ವಚ್ಛತೆ ಎಲ್ಲದಕ್ಕೂ ಟಿಕ್ ಹಾಕಿ, ಕೆಳಗೆ ಖಾಲಿ ಜಾಗದಲ್ಲಿ "ರಿಸೆಪ್ಷನ್ ಗೋಡೆಯ ನೋಟಿಸ್ ತೆಗೆಯಿರಿ" ಅಂತ ದಪ್ಪ ಅಕ್ಷರದಲ್ಲಿ ಬರೆದೆ. ಒಂದೂವರೆ ತಿಂಗಳ ಲಸಿಕೆಗೆ ಮಗನನ್ನು ಎತ್ತಿಕೊಂಡು ಹೋದಾಗ ನೋಡಿದೆ. ತೆಗೆದಿದ್ದರು. ನಾಲ್ಕು ಮೂಲೆಯ ಟೇಪಿನ ಗುರುತು ಹಾಗೇ ಇತ್ತು, ನಡುವೆ ಕ್ಯಾಂಟೀನ್ ಟೈಮಿಂಗ್ಸ್ ಅಂಟಿಸಿದ್ದರು.