24 ಪೋರ್ಟಿನ ಹಳೆ ಸ್ವಿಚ್ ಜೊತೆ ಮೂರು ಮಳೆಗಾಲ

ಮುಂಬೈಯ ಸಾಕಿನಾಕಾದ ಇಂಡಸ್ಟ್ರಿಯಲ್ ಎಸ್ಟೇಟ್ ಒಂದರಲ್ಲಿ ನಮ್ಮ ಮಾವನ ಆಫ್‌ಸೆಟ್ ಪ್ರೆಸ್ ಇದೆ. ಮಷಿನ್‌ಗಳೆಲ್ಲ ಕೆಳಗಿನ ಗಾಳಾದಲ್ಲಿ (ಕಾರ್ಖಾನೆ ಮಳಿಗೆ). ಡಿಸೈನ್ ರೂಮು ಎದುರಿನ ಬಿಲ್ಡಿಂಗ್‌ನ ಮೂರನೇ ಮಹಡಿಯಲ್ಲಿ. ಕೇಬಲ್ ಸುತ್ತಿಕೊಂಡು ಬರುವ ದಾರಿ ಸುಮಾರು 130 ಮೀಟರ್. ತಾಮ್ರದ ನೆಟ್‌ವರ್ಕ್ ಕೇಬಲ್‌ಗೆ 100 ಮೀಟರ್ ಮಿತಿ ಇರುವುದರಿಂದ ನಡುವೆ ಒಂದು ಸಣ್ಣ ನೆಟ್‌ವರ್ಕ್ ಸ್ವಿಚ್ (ಕಂಪ್ಯೂಟರ್ ಕೇಬಲ್‌ಗಳನ್ನು ಒಂದಕ್ಕೊಂದು ಜೋಡಿಸುವ ಪೆಟ್ಟಿಗೆ) ಇಟ್ಟಿದ್ದೆವು. ಒಂದು ಜೂನ್ ರಾತ್ರಿಯ ಸಿಡಿಲಿಗೆ ಅದೂ ಸುಟ್ಟಿತು, ಎರಡೂ ಕಡೆಯ ಪೋರ್ಟ್‌ಗಳೂ ಸುಟ್ಟವು. ಗಾಜಿನ ಫೈಬರ್‌ನಲ್ಲಿ ಹೋಗುವುದು ಬೆಳಕು, ಕರೆಂಟ್ ಹರಿಯುವುದಿಲ್ಲ ಅಲ್ವಾ, ಅದಕ್ಕೇ ಫೈಬರ್ ಎಳೆಸಿದೆವು. ಎಲೆಕ್ಟ್ರಾನಿಕ್ಸ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡ್‌ಗೆ ಹೋಗಿ ಸೆಕೆಂಡ್ ಹ್ಯಾಂಡ್ ಸ್ವಿಚ್ ಎರಡು ತಂದೆ. ಹೊಸದು ತರುವಷ್ಟು ದುಡ್ಡು ಪ್ರೆಸ್‌ನಲ್ಲಿ ಇರಲಿಲ್ಲ.

ಮೊದಲ ದಿನವೇ ಈ ಸ್ವಿಚ್ ಮೇಲೆ ಸಿಟ್ಟು ಬಂತು. ಕೊನೆಯ ನಾಲ್ಕು ಪೋರ್ಟ್‌ಗಳ ಪಕ್ಕ ನಾಲ್ಕು ಎಸ್‌ಎಫ್‌ಪಿ ಸ್ಲಾಟ್ ಇವೆ (ಫೈಬರ್ ಸಿಕ್ಕಿಸುವ ಸಣ್ಣ ಮಾಡ್ಯೂಲ್ ಕೂರುವ ತೂತುಗಳು). ಒಟ್ಟು 28 ಎಂದುಕೊಂಡಿದ್ದೆ. 24ನೇ ಪೋರ್ಟ್‌ನಲ್ಲಿ ಅಚ್ಚಿನ ಪ್ಲೇಟ್ ಮಾಡುವ ಮಷಿನ್‌ನ ಕಂಪ್ಯೂಟರ್ ಇತ್ತು. 24ನೇ ಸ್ಲಾಟ್‌ಗೆ ಫೈಬರ್ ಮಾಡ್ಯೂಲ್ ಹಾಕಿದೆ. ಫೈಬರ್‌ನ ಹಸಿರು ದೀಪ ಹತ್ತಿತು. ಐದು ನಿಮಿಷಕ್ಕೆ ಮಾವನ ಫೋನ್: "ಎಂತದು ಮಾರಾಯಾ, ಪ್ಲೇಟಿಗೆ ಫೈಲೇ ಬರ್ತಾ ಇಲ್ಲ!"

ಮದುವೆ ಸೀಸನ್. ಕಾರ್ಡ್‌ಗಳು ಸಂಜೆಗೆ ಹೋಗಬೇಕಿತ್ತು. ಅರ್ಧ ದಿನ ಹುಡುಕಿದ ಮೇಲೆ ಗೊತ್ತಾಯಿತು, ಇವು ಕಾಂಬೋ ಪೋರ್ಟ್. ಹೊರಗೆ ತೂತು ಎರಡು, ಒಳಗೆ ಪೋರ್ಟ್ ಒಂದೇ. ಫೈಬರ್ ಜೀವ ಪಡೆದರೆ ಅದೇ ನಂಬರಿನ ತಾಮ್ರದ ಪೋರ್ಟ್ ಸತ್ತಂತೆ. ಸ್ಲಾಟ್ ಮೇಲೆ ಸಣ್ಣಕ್ಷರದಲ್ಲಿ ನಂಬರ್ ಬರೆದಿದ್ದಾರೆ, ಅಷ್ಟೇ. ಈ ವಿಷಯವನ್ನು ಅಂಗಡಿಯವರು ಹೇಳಬೇಕಿತ್ತು. ಈಗಲೂ ನನಗೆ ಹಾಗೇ ಅನಿಸುತ್ತದೆ.

ಎರಡನೇ ಪೆಟ್ಟು ಕರೆಂಟ್ ಹೋದಾಗ. ಕ್ಯಾಮೆರಾಗಳಿಗೆ ಬೇರೆ ವಿಎಲ್‌ಎಎನ್ (ಅದೇ ಸ್ವಿಚ್‌ನೊಳಗೆ ಬೇರ್ಪಡಿಸಿದ ನೆಟ್‌ವರ್ಕ್) ಮಾಡಿ, ಪ್ರತಿ ಪೋರ್ಟ್‌ಗೂ ಹೆಸರು ಕೊಟ್ಟು ಮನೆಗೆ ಹೋಗಿದ್ದೆ. ಬೆಳಿಗ್ಗೆ ಬಂದರೆ ಎಲ್ಲ ಮಾಯ. ಇದರಲ್ಲಿ 'ಅಪ್ಲೈ' ಒತ್ತಿದರೆ ಸೆಟ್ಟಿಂಗ್ ಆಗಿನ ಮಟ್ಟಿಗೆ ನಡೆಯುತ್ತದೆ. ಉಳಿಯಬೇಕಾದರೆ 'ಸೇವ್' ಬೇರೆಯೇ ಒತ್ತಬೇಕು.

ಇಷ್ಟಾದರೂ ಮೂರು ವರ್ಷದಿಂದ ಇದನ್ನು ಬದಲಾಯಿಸಿಲ್ಲ. ಕಾರಣ ಅದರ ಸೆಟ್ಟಿಂಗ್ ಪೇಜ್‌ನ ಮೂಲೆಯಲ್ಲಿರುವ ಒಂದು ಅಂಕಿ. ಮಾಡ್ಯೂಲ್‌ಗೆ ಆ ಕಡೆಯಿಂದ ಎಷ್ಟು ಬೆಳಕು ಬಂದು ಮುಟ್ಟುತ್ತಿದೆ ಎಂದು ಅದು ತೋರಿಸುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿ ಮೈನಸ್ 7 ಡಿಬಿಎಂ. ಡಿಬಿಎಂ ಎಂದರೆ ಬೆಳಕಿನ ಬಲದ ಅಳತೆ, ಮೈನಸ್ ಹೆಚ್ಚಾದಷ್ಟೂ ಬೆಳಕು ಕಡಿಮೆ.

ಪ್ರತಿ ಸೋಮವಾರ ಮಷಿನ್ ಶುರುವಾಗುವ ಮೊದಲು, ಚಹಾ ಬರುವಷ್ಟರಲ್ಲಿ, ಆ ಪೇಜ್ ತೆಗೆಯುತ್ತೇನೆ. ಅಂಕಿಯನ್ನು ಗೋಡೆಯ ಕ್ಯಾಲೆಂಡರಿನ ಅದೇ ದಿನದ ಚೌಕದಲ್ಲಿ ಪೆನ್ಸಿಲ್‌ನಿಂದ ಬರೆಯುತ್ತೇನೆ. ಕ್ಯಾಲೆಂಡರ್ ನಮ್ಮಲ್ಲೇ ಅಚ್ಚಾದದ್ದು. ಕಳೆದ ಮಳೆಗಾಲದಲ್ಲಿ ಚೌಕಗಳಲ್ಲಿ ಮೈನಸ್ 7, ಮೈನಸ್ 9, ಮೈನಸ್ 12 ಎಂದು ಇಳಿಯುತ್ತಾ ಬಂತು. ಒಂದು ಸೋಮವಾರ ಮೈನಸ್ 17. ಈ ಅಳತೆಯಲ್ಲಿ ಹತ್ತು ಇಳಿದರೆ ಬೆಳಕು ಹತ್ತರಲ್ಲಿ ಒಂದು ಪಾಲು, ಅಷ್ಟಕ್ಕೆ ಬಂದಿತ್ತು. ಫೈಲ್‌ಗಳು ಆಗಲೂ ಸರಿಯಾಗೇ ಹೋಗುತ್ತಿದ್ದವು, ಯಾರಿಗೂ ಏನೂ ಗೊತ್ತಾಗಿರಲಿಲ್ಲ. ಇನ್ನೆರಡು ಮೂರು ಇಳಿದಿದ್ದರೆ ಲಿಂಕ್ ಕೈಕೊಡುತ್ತಿತ್ತು.

ಫೈಬರ್ ಬಿಚ್ಚಿ ನೋಡಿದೆ. ಆಫ್‌ಸೆಟ್‌ನಲ್ಲಿ ಹಾಳೆಗಳು ಒಂದಕ್ಕೊಂದು ಅಂಟದಿರಲಿ ಎಂದು ಪಿಷ್ಟದ ಪುಡಿ ಸಿಂಪಡಿಸುತ್ತೇವೆ. ಆ ಪುಡಿ, ಕಾಗದದ ಧೂಳು, ಮಳೆಗಾಲದ ತೇವ ಮೂರೂ ಸೇರಿ ಕನೆಕ್ಟರ್ ತುದಿಯಲ್ಲಿ ಕೂತಿದ್ದವು. ಪೆನ್ನಿನಂಥ ಕ್ಲೀನರ್ ಸಿಗುತ್ತದೆ. ಒತ್ತಿದರೆ ಟಕ್ ಎನ್ನುತ್ತದೆ, ತುದಿ ಒರೆಸಿಕೊಂಡು ಬರುತ್ತದೆ. ಎರಡು ಸಲ ಟಕ್, ಮತ್ತೆ ಮೈನಸ್ 7. ಆ ದಿನ ಪಟ್ಟ ಖುಷಿ ಹೇಳಲಾರೆ. (ಫೈಬರ್ ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಬೇಡಿ. 1310 ನ್ಯಾನೋಮೀಟರಿನ ಬೆಳಕು ಕಣ್ಣಿಗೆ ಕಾಣುವುದೇ ಇಲ್ಲ. ಮೊದಲು ಎರಡೂ ಕಡೆಯ ಮಾಡ್ಯೂಲ್ ಕಿತ್ತಿಡಿ. ಸ್ವಿಚ್ ಆಫ್ ಮಾಡಬೇಕಾಗಿಲ್ಲ, ಮಾಡ್ಯೂಲ್‌ನ ಮುಂಭಾಗದ ಕಂಬಿ ಇಳಿಸಿ ಎಳೆದರೆ ಸಾಕು.) ಅಂದಿನಿಂದ ಮಾಡ್ಯೂಲ್‌ನ ರಬ್ಬರ್ ಮುಚ್ಚಳಗಳನ್ನು ಕುಂಕುಮದ ಖಾಲಿ ಭರಣಿಯಲ್ಲಿ ಜೋಪಾನವಾಗಿ ಇಟ್ಟಿದ್ದೇನೆ.

ತೊಗೊಳ್ಳುವವರಿಗೆ ಎರಡು ಮಾತು. ಈ ಅಂಕಿ ಎಲ್ಲ ಮಾಡ್ಯೂಲ್‌ಗಳಲ್ಲೂ ಬರುವುದಿಲ್ಲ, 'ಡಿಡಿಎಂ ಇದೆಯಾ' (ಬೆಳಕಿನ ಅಳತೆ ತೋರಿಸುವ ಸೌಲಭ್ಯ) ಎಂದು ಕೇಳಿಯೇ ತನ್ನಿ. ಇನ್ನೊಂದು, ಕೆಲವು ಸ್ವಿಚ್‌ಗಳು ಮಾಡ್ಯೂಲ್ ಒಳಗೆ ಬರೆದಿರುವ ಕಂಪನಿ ಹೆಸರು ಓದಿ, ತಮ್ಮದಲ್ಲದಿದ್ದರೆ ಪೋರ್ಟನ್ನೇ ಮುಚ್ಚಿಬಿಡುತ್ತವೆ. ನಮ್ಮದು ಹಾಗೆ ಮಾಡಲಿಲ್ಲ. ಅಗ್ಗದ ಮಾಡ್ಯೂಲ್‌ಗಳಲ್ಲೇ ಮೂರು ಮಳೆಗಾಲ ಕಳೆಯಿತು. ಈ ಸ್ವಿಚ್‌ಗೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಕಡಿಮೆ ಮಾಡಿದ ಒಂದು ಆ ಕಾಂಬೋ ಪೋರ್ಟಿಗೆ.

ಈಗ ನಾನು ಊರಿಗೆ ಹೋದರೆ ಸೋಮವಾರದ ಅಂಕಿಯನ್ನು ಮಾವನೇ ನೋಡಿ ಬರೆಯುತ್ತಾರೆ. ಮೈನಸ್ ಒಂಬತ್ತಾದರೂ ಫೋನ್ ಬರುತ್ತದೆ.